ಮಣ್ಣು ಅಗೆಯುವ ಮೆಷೀನಿಗೆ ಸುಳಿ ನೋಡಿದ್ದು

ಎತ್ತು ಕೊಳ್ಳುವವರು ಮೈಮೇಲಿನ ಕೂದಲ ಸುಳಿ ನೋಡುತ್ತಾರೆ, ಹಲ್ಲು ನೋಡುತ್ತಾರೆ, ಬೇಕಾದರೆ ಸಗಣಿಯನ್ನೂ ಮೂಸಿ ನೋಡುತ್ತಾರೆ. ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಆದರೆ ನನ್ನ ಸೋದರಮಾವ ಇದಿಷ್ಟನ್ನೂ ಒಂದು ಮಣ್ಣು ಅಗೆಯುವ ಮೆಷೀನಿಗೆ ಮಾಡಿದ. ನಾನು ಪಕ್ಕದಲ್ಲೇ ಒಂದು ಸ್ಪ್ಯಾನರು ಹಿಡಿದು, ಎಂಜಿನಿಯರನ ಮುಖ ಮಾಡಿಕೊಂಡು ನಿಂತಿದ್ದೆ. ಆ ಮುಖ ಹೇಗೆ ಮಾಡಿಕೊಳ್ಳುವುದು ಅಂತ ಹಿಂದಿನ ದಿನ ಕನ್ನಡಿ ಮುಂದೆ ಅಭ್ಯಾಸ ಬೇರೆ ಮಾಡಿದ್ದೆ, ನನ್ನ ಕರ್ಮ!

ಐವತ್ತರ ದಶಕದ ನಡುವಿನ ಮಾತು. ಮಾಗಡಿ ರಸ್ತೆಯಲ್ಲಿ, ಸುಂಕದಕಟ್ಟೆಗಿಂತ ಇತ್ತಕಡೆ ನಮ್ಮೂರು. ರಾಜಾಜಿನಗರದ ಬಡಾವಣೆಗೆ ಅಂತ ನಮ್ಮ ಎರಡು ಎಕರೆ ರಾಗಿ ಹೊಲ ಸರ್ಕಾರದ ಪಾಲಾಯಿತು. ಕಲ್ಲು ನೆಟ್ಟು ಹೋಗಿದ್ದರು, ಅಗೆತ ಇನ್ನೂ ಶುರುವಾಗಿರಲಿಲ್ಲ. ಪರಿಹಾರ ಅಂತ ಎಂಟು ಸಾವಿರ ರೂಪಾಯಿ ಬಂತು. ಅಮ್ಮ ಒಂದೇ ಹಟ ಹಿಡಿದಳು, "ಮಣ್ಣು ಕೊಟ್ಟು ಬಂದ ದುಡ್ಡು ಮಣ್ಣಿಗೇ ಹೋಗ್ಲಿ, ಹೇರೋಹಳ್ಳಿ ಕಡೆ ಹೊಲ ತಗೊಳ್ಳಿ" ಅಂತ. ಅಪ್ಪನದು ಇನ್ನೊಂದು ಹಟ. ರಾಜಾಜಿನಗರದಲ್ಲಿ ಚರಂಡಿಗೆ ಅಂತ ಒಂದು ಮೆಷೀನು ಮಣ್ಣು ಅಗೆಯುವುದನ್ನು ಅವನು ನೋಡಿಬಿಟ್ಟಿದ್ದ. ಮೂರು ದಿನ ಊಟದ ಹೊತ್ತೂ ಮರೆತು ಅದರ ಮುಂದೆ ಕೂತಿದ್ದನಂತೆ. ಬಡಾವಣೆ ಕೆಲಸಕ್ಕೆ ಬಾಡಿಗೆ ಮೆಷೀನು ಬೇಕು ಅಂತ ಯಾರೋ ಓವರ್‌ಸಿಯರು ಅಂದದ್ದೇ ಸಾಕಾಯಿತು, ಅಪ್ಪನಿಗೆ ಹುಚ್ಚು ಹತ್ತಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ಮನೆಯಲ್ಲಿ ಒಂದು ತಿಂಗಳು ಜಗಳ ನಡೆಯಿತು.

ಕೊನೆಗೆ ಅಮ್ಮ ಒಂದು ಷರತ್ತು ಹಾಕಿದಳು. "ನನ್ನ ಮಗ ಎಂಜಿನಿಯರು. ಅವನು ನೋಡಿ ಒಳ್ಳೇದು ಅಂದ್ರೆ ತಗೊಳ್ಳಿ. ಅವನು ಬೇಡ ಅಂದ್ರೆ ಬಾಯಿ ಮುಚ್ಕೊಂಡು ಬನ್ನಿ."

ಅಯ್ಯೋ ಶಿವನೆ! ನಾನು ಎಂಜಿನಿಯರ್ ಆಗಿರಲಿಲ್ಲ. ಎಂಟು ತಿಂಗಳ ಹಿಂದೆ ಒಂದು ಕಾರ್ಖಾನೆಯ ಸ್ಟೋರಿಗೆ ಸೇರಿದ್ದೆ. ಕೇಳಿದವರಿಗೆ ನಟ್ಟು ಬೋಲ್ಟು ಎಣಿಸಿ ಕೊಡುವುದು ನನ್ನ ಕೆಲಸ. ಖಾಕಿ ಪ್ಯಾಂಟು ಹಾಕಿಕೊಂಡು ಸೈಕಲ್ಲಿನಲ್ಲಿ ಮನೆಗೆ ಬರುವುದನ್ನು ನೋಡಿ ಊರವರು ಎಂಜಿನಿಯರು ಅಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ನಾನೂ ಅಲ್ಲ ಅನ್ನಲಿಲ್ಲ, ಸುಮ್ಮನೆ ಕಟ್ಟಿಸಿಕೊಂಡೆ. ಈಗ ಎರಡು ಎಕರೆ ಹೊಲದ ಹಣ ಪೂರ್ತಿ ಬಂದು ನನ್ನ ಬಾಯಿ ಮಾತಿನ ಮೇಲೆ ಕೂತಿತು.

ಮೆಷೀನು ಕೆಂಗೇರಿಯ ಹತ್ತಿರ ಒಬ್ಬ ಕಂಟ್ರಾಕ್ಟರನ ಬಯಲಿನಲ್ಲಿತ್ತು. ಯುದ್ಧ ಮುಗಿದ ಮೇಲೆ ಮಿಲ್ಟ್ರಿಯವರು ಹರಾಜು ಹಾಕಿದ್ದು, ಆಮೇಲೆ ಯಾವುದೋ ಅಣೆಕಟ್ಟಿನಲ್ಲಿ ದುಡಿದದ್ದು, ಆಮೇಲೆ ಕಲ್ಲುಕ್ವಾರಿಯಲ್ಲಿ. ಸೋದರಮಾವ ಸುತ್ತಲ ಹತ್ತೂರಿಗೆ ದನದ ದಲ್ಲಾಳಿ. ಅವನನ್ನು ಯಾರೂ ಕರೆದಿರಲಿಲ್ಲ. ವ್ಯಾಪಾರದ ವಾಸನೆ ಹಿಡಿದು ಅವನೇ ಗಾಡಿ ಕಟ್ಟಿಕೊಂಡು ಬಂದ. ಕೋಳಿ ಕೂಗುವ ಮೊದಲೇ ನಮ್ಮನ್ನು ಹೊರಡಿಸಿದ. "ಭಾವ, ಎತ್ತು ಹಟ್ಟೀಲಿ ಮಲಗಿರುವಾಗ್ಲೇ ಹೋಗಿ ನೋಡ್ಬೇಕು. ಯಜಮಾನ ಎಬ್ಬಿಸಿ ಮೈ ಉಜ್ಜಿದ ಮೇಲೆ ಎಲ್ಲಾ ಎತ್ತೂ ಬಸವಣ್ಣನೇ."

"ಮಾವ, ಅದು ಎತ್ತಲ್ಲ, ಮೆಷೀನು" ಅಂದೆ.

"ದುಡಿಯೋದು ತಾನೆ? ಸುಮ್ನೆ ಬಾರೋ" ಅಂದ.

ನಾವು ಹೋದಾಗ ಬಿಸಿಲು ಇನ್ನೂ ಹುಣಸೆಮರಗಳ ಮೇಲಕ್ಕೆ ಬಂದಿರಲಿಲ್ಲ. ಮೆಷೀನು ಬಯಲಿನ ನಡುವೆ ನಿಂತಿತ್ತು. ಎರಡು ಕಬ್ಬಿಣದ ಸರಪಳಿ ಪಟ್ಟಿಗಳ ಮೇಲೆ ಒಂದು ತಗಡಿನ ಮನೆ, ಆ ಮನೆಯಿಂದ ಹೊರಟ ಉದ್ದನೆಯ ತೋಳು, ತೋಳಿನ ತುದಿಯಲ್ಲಿ ತಂತಿ ಹಗ್ಗಕ್ಕೆ ನೇತುಬಿದ್ದ ದೊಡ್ಡ ಬಕೆಟ್ಟು. ಇಡೀ ಮೈಗೆ ಗಿಳಿಹಸಿರು ಬಣ್ಣ, ಮುಟ್ಟಿದರೆ ಕೈಗೆ ಅಂಟುತ್ತಿತ್ತು. ಅಪ್ಪ ಅದನ್ನು ನೋಡಿದವನೇ ಮದುವೆ ಗಂಡಿನ ಹಾಗೆ ಟವೆಲ್ಲು ಸರಿಮಾಡಿಕೊಂಡ.

ಕಂಟ್ರಾಕ್ಟರು ಪ್ಯಾಂಟು ಹ್ಯಾಟು ಹಾಕಿದ ಪೇಟೆಯ ಮನುಷ್ಯ. ನಾನು ಯಾರು ಅಂತ ಅಪ್ಪ ಹೇಳಿದ ಮೇಲೆ ನನ್ನ ಕೈ ಹಿಡಿದು ಕುಲುಕಿದ. "ಎಂಜಿನಿಯರ್ ಸಾಹೇಬ್ರು! ತಿಳಿದೋರು ಬಂದ್ರೆ ನಮಗೂ ಮಾತು ಸುಲಭ ಸಾರ್. ಬೇರಿಂಗ್ ಕಂಡೀಷನ್ ನೋಡ್ತೀರಾ?"

"ನೋಡ್ದೆ" ಅಂದೆ. ಅದರ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

ನಾನು ಸ್ಪ್ಯಾನರಿನಿಂದ ಅಲ್ಲಲ್ಲಿ ಬಡಿದೆ. ಠಣ್ ಅಂದಲ್ಲಿ "ಹೂಂ" ಅಂದೆ, ಠೊಪ್ ಅಂದಲ್ಲಿ "ಓಹೋ" ಅಂದೆ. ಅಪ್ಪ ನನ್ನ ಹಿಂದೆ ಹಿಂದೆಯೇ ಬರುತ್ತಿದ್ದ. ಪ್ರತಿ "ಹೂಂ"ಗೂ ಅವನ ಮುಖ ಅರಳುತ್ತಿತ್ತು. ಅದನ್ನು ನೋಡಿಯೂ ನಾನು ಬಡಿಯುವುದನ್ನು ನಿಲ್ಲಿಸಲಿಲ್ಲ.

ಮಾವ ಮಾತ್ರ ನೇರವಾಗಿ ಬಕೆಟ್ಟಿನ ಹತ್ತಿರ ಹೋಗಿ, ಕುಕ್ಕರುಗಾಲಲ್ಲಿ ಕೂತು, ಅದರ ಹಲ್ಲು ನೋಡಿದ. ಮಣ್ಣಿಗೆ ಕಚ್ಚಲು ಅದಕ್ಕೆ ಐದು ಕಬ್ಬಿಣದ ಹಲ್ಲುಗಳಿದ್ದವು. ಒಂದೊಂದನ್ನೂ ಬೆರಳಲ್ಲಿ ಸವರಿದ. "ಭಾವ, ಮೂರು ಸವೆದಿವೆ, ಎರಡು ಹೊಸವು. ಮುದಿಯಾದ್ಮೇಲೆ ಕಟ್ಟಿಸಿದ ಹಲ್ಲು ಇವು." ಆಮೇಲೆ ಮೆಷೀನಿನ ಪಕ್ಕೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದ. "ಮೈ ಬೆಚ್ಚಗಿದೆ."

"ಬಿಸಿಲಿಗೆ ಗೌಡ್ರೆ" ಅಂದ ಕಂಟ್ರಾಕ್ಟರು.

ಮಾವ ತಲೆಯೆತ್ತಿ ಬಿಸಿಲನ್ನು ಹುಡುಕಿದ. ಅದು ಇನ್ನೂ ಹುಣಸೆಮರದ ಹಿಂದೆಯೇ ಇತ್ತು. "ಈ ಹೊತ್ನಲ್ಲಿ ಇದನ್ನ ಒಂದ್ಸಲ ಎಬ್ಬಿಸಿ ಓಡಾಡ್ಸಿದೀರಿ. ಯಾಕೆ?" ಅಂದ. ಕಂಟ್ರಾಕ್ಟರು ಹ್ಯಾಟು ತೆಗೆದು ಗಾಳಿ ಹಾಕಿಕೊಂಡ.

ಸುಳಿ ಸಿಕ್ಕಿದ್ದು ಆಗ. ತೋಳು ತಗಡಿನ ಮನೆಗೆ ಸೇರುವ ಬುಡದಲ್ಲಿ, ಎತ್ತಿಗಾದರೆ ಹೆಗಲು ಇರುವ ಜಾಗದಲ್ಲಿ, ಬಣ್ಣದಡಿ ಏನೋ ಉಬ್ಬಿತ್ತು. ಮಾವ ಉಗುರಿನಿಂದ ಕೆರೆದ. ಹಸಿರು ಬಣ್ಣ ಎದ್ದುಬಂತು, ಅದರ ಕೆಳಗೆ ಬಿರುಕಿಗೆ ಸುತ್ತಿ ಸುತ್ತಿ ಹಾಕಿದ ಬೆಸುಗೆ. "ನೋಡಿ ಭಾವ, ನೊಗ ಹೊರೋ ಜಾಗದಲ್ಲೇ ಸುಳಿ! ಇಂಥಾದ್ದನ್ನ ಕಟ್ಕೊಂಡ ಮನೇಲಿ ಎರಡನೇ ವರ್ಷ ರಾಗಿ ಬೆಳೆಯಲ್ಲ!" ಅಂತ ಬಯಲೆಲ್ಲ ಕೇಳುವ ಹಾಗೆ ಕೂಗಿದ. ನಾನು ನಾಚಿಕೆಯಿಂದ ಬೇರೆ ಕಡೆ ತಿರುಗಿ ಸರಪಳಿ ಬಡಿದೆ. ಠಣ್, ಹೂಂ.

ಅಷ್ಟಕ್ಕೆ ನಿಂತನೇ ಪುಣ್ಯಾತ್ಮ? ಮೆಷೀನಿನ ಹೊಟ್ಟೆಯಡಿ ತೂರಿ, ಅಲ್ಲಿ ತೊಟ್ಟಿಕ್ಕಿದ್ದ ಕಪ್ಪು ಎಣ್ಣೆಯನ್ನು ಬೆರಳಲ್ಲಿ ತೆಗೆದು, ಮೂಸಿ, ಬೆಳಕಿಗೆ ಹಿಡಿದ. ಎಣ್ಣೆಯಲ್ಲಿ ಕಬ್ಬಿಣದ ಪುಡಿ ಮಿಣಮಿಣ ಅನ್ನುತ್ತಿತ್ತು. "ತಿಂದಿದ್ದು ಮೈಗೆ ಹತ್ತುತ್ತಿಲ್ಲ. ಒಳಗಿನ ಮೂಳೆ ಸವೆದು ಆಚೆ ಬರ್ತಾ ಇದೆ."

"ಈಗ ಕೆಲಸ ಮಾಡಿಸಿ ತೋರಿಸ್ತೀನಿ, ಆಗ ಗೊತ್ತಾಗುತ್ತೆ" ಅಂತ ಕಂಟ್ರಾಕ್ಟರು ಡ್ರೈವರಿಗೆ ಸನ್ನೆ ಮಾಡಿದ. ಮೆಷೀನು ಗುಡುಗಿತು, ಕಪ್ಪು ಹೊಗೆ ಬಿಟ್ಟಿತು, ತೋಳು ತಿರುಗಿಸಿ ಬಕೆಟ್ಟಿನ ತುಂಬ ಮಣ್ಣು ಬಾಚಿ ಮೇಲಕ್ಕೆತ್ತಿತು. ನಿಜ ಹೇಳುತ್ತೇನೆ, ನೋಡಲಿಕ್ಕೆ ಚೆನ್ನಾಗಿತ್ತು. ಅಪ್ಪ ಚಪ್ಪಾಳೆ ಹೊಡೆದ. ಐವತ್ತೈದು ದಾಟಿದ, ನಮ್ಮ ಮುಂದೆ ಗಟ್ಟಿಯಾಗಿ ನಕ್ಕೂ ಅಭ್ಯಾಸವಿಲ್ಲದ ಮನುಷ್ಯ!

"ಹಂಗೇ ಹೊತ್ಕೊಂಡು ನಿಲ್ಲಿಸಪ್ಪ" ಅಂತ ಮಾವ ಡ್ರೈವರಿಗೆ ಕೂಗಿ ಹೇಳಿ ಬೀಡಿ ಹಚ್ಚಿದ. ಬೀಡಿ ಅರ್ಧ ಮುಗಿಯುವಷ್ಟರಲ್ಲಿ ಬಕೆಟ್ಟು ಮೆಲ್ಲಗೆ, ಯಾರಿಗೂ ಗೊತ್ತಾಗಬಾರದು ಅನ್ನುವ ಹಾಗೆ, ಒಂದು ಗೇಣು ಕೆಳಗಿಳಿದಿತ್ತು. ಬೀಡಿ ಪೂರ್ತಿ ಮುಗಿದಾಗ ನೆಲ ಮುಟ್ಟಿತ್ತು. ಮಾವ ಬೀಡಿ ತುಂಡು ಎಸೆದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಬುತ್ತಿ ಬಿಚ್ಚಿದ. "ಈಗ ಆರಿಸಿ. ಅದು ತಣ್ಣಗಾಗಲಿ, ನಾವು ಉಣ್ತೀವಿ. ಆಮೇಲೆ ಎಬ್ಬಿಸಿ ನೋಡೋಣ."

ರೊಟ್ಟಿ, ಹುಚ್ಚೆಳ್ಳು ಚಟ್ನಿ. ತಿಂದು, ಎಲೆಯಡಿಕೆ ಹಾಕಿ, ಮಾವ ಒಂದು ನಿದ್ದೆಯನ್ನೂ ತೆಗೆದ. ಎದ್ದು ಮೆಷೀನು ಮುಟ್ಟಿ ನೋಡಿ "ಹೂಂ, ಈಗ ಎಬ್ಬಿಸಿ" ಅಂದ. ಡ್ರೈವರು ಹ್ಯಾಂಡಲು ತಿರುಗಿಸಿದ. ಕೆಮ್ಮಿತು, ಸುಮ್ಮನಾಯಿತು. ಕಂಟ್ರಾಕ್ಟರು ಶರಟು ಬಿಚ್ಚಿ ತಾನೇ ತಿರುಗಿಸಿದ. ಹ್ಯಾಟು ಹಾರಿ ಎಣ್ಣೆಯಲ್ಲಿ ಬಿತ್ತು. ನನ್ನನ್ನೂ ಕರೆದರು, ಎಂಜಿನಿಯರ್ ಅಲ್ಲವೇ. ಹ್ಯಾಂಡಲು ತಿರುಗುವ ಬದಲು ನಾನೇ ತಿರುಗಿಬಿದ್ದೆ. ಮಾವ ಹೋಗಿ ಅದರ ಹಿಂಭಾಗಕ್ಕೆ ತಟ್ಟಿ, ನಾಲಿಗೆಯಲ್ಲಿ ಟಕ್ ಟಕ್ ಅಂತ ಶಬ್ದ ಮಾಡಿ "ಹೈ, ಏಳಪ್ಪ" ಅಂದ. ಕೊನೆಗೆ ಡ್ರೈವರು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಗೆ ಬೆಂಕಿ ಹಚ್ಚಿ ಎಂಜಿನ್ನಿನ ಬಳಿ ಹಿಡಿದ ಮೇಲೆ ಅದು ಧಡ್ ಅಂತ ಎದ್ದಿತು.

"ಬಾಲಕ್ಕೆ ಬೆಂಕಿ ಇಟ್ಟು ಎಬ್ಬಿಸೋ ಎತ್ತು" ಅಂದ ಮಾವ. "ಸರಿ, ಎಷ್ಟು ಹೇಳ್ತೀರಿ?"

"ಹತ್ತು ಸಾವಿರ."

ಮಾವ ಹೆಗಲ ಟವೆಲ್ಲು ತೆಗೆದು ಕಂಟ್ರಾಕ್ಟರನ ಕೈ ಮೇಲೆ ಹೊದಿಸಿ, ತನ್ನ ಕೈಯನ್ನೂ ಅದರೊಳಗೆ ತೂರಿಸಿದ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನಡಿ ಎಷ್ಟು ಬೆರಳು ಹಿಡಿದರೆ ಅಷ್ಟು ಬೆಲೆ, ಹಿಡಿದದ್ದೇ ಮಾತು. ಕಂಟ್ರಾಕ್ಟರನಿಗೆ ಇದು ಗೊತ್ತಿರಲಿಲ್ಲ. ಮೊದಲು ಗಾಬರಿಯಾದ, ಆಮೇಲೆ ಕಚಗುಳಿಯಾಗಿ ಕಿಸಿಕಿಸಿ ನಕ್ಕ. ಮಾವ ಗಂಭೀರವಾಗಿ ಒಂದೊಂದು ಐಬಿಗೂ ಬೆಲೆ ಇಳಿಸುತ್ತಾ ಹೋದ. "ಹಲ್ಲಿಗೆ ಇಷ್ಟು ಬಿಡಿ. ಸುಳಿಗೆ ಇಷ್ಟು. ಭಾರ ಹೊರದೆ ಕುಸಿದಿದ್ದಕ್ಕೆ ಇಷ್ಟು. ಈಗ ಉಳಿದಿದ್ದು ಇದು." ಇದು ಅಂತ ನಾಲ್ಕು ಬೆರಳು ಹಿಡಿದನಂತೆ. ಕಚಗುಳಿ ತಡೆಯಲಾರದೆ ಕಂಟ್ರಾಕ್ಟರು ಮಾವನ ಕೈಯನ್ನು ಪೂರ್ತಿ ಗಪ್ಪನೆ ಹಿಡಿದುಕೊಂಡ.

"ಐದು!" ಅಂತ ಮಾವ ಟವೆಲ್ಲು ಎಳೆದ. "ಐದು ಸಾವಿರಕ್ಕೆ ಒಪ್ಪಿದ್ರು!"

"ಯಾರ್ರೀ ಒಪ್ಪಿದ್ದು? ನಾನು ಬಾಯೇ ಬಿಟ್ಟಿಲ್ಲ!"

"ಕೈ ಕೊಟ್ರಲ್ಲ ಸ್ವಾಮಿ, ಐದೂ ಬೆರಳು! ಹುಡುಗಾಟವಾ?"

ಅರ್ಧ ಗಂಟೆ ಕೂಗಾಡಿದರು. ಕೊನೆಗೆ ಕಂಟ್ರಾಕ್ಟರು ಎಣ್ಣೆ ಮೆತ್ತಿದ ಹ್ಯಾಟನ್ನೇ ನೋಡುತ್ತಾ, "ಹೋಗ್ಲಿ, ಐದು ಸಾವಿರ ಕೊಟ್ಟು ತಗೊಂಡ್ಹೋಗಿ" ಅಂದುಬಿಟ್ಟ.

ಅವರ ಕೂಗಾಟ ನೋಡಿ ನಗುತ್ತಿದ್ದ ನಮಗೆಲ್ಲ ನಗು ನಿಂತುಹೋಯಿತು. ಹತ್ತು ಸಾವಿರದ ಮೆಷೀನು ಐದು ಸಾವಿರಕ್ಕೆ! ಅಪ್ಪನ ಕೈ ತಾನಾಗಿಯೇ ಸೊಂಟಕ್ಕೆ ಕಟ್ಟಿದ್ದ ಹಣದ ಚೀಲಕ್ಕೆ ಹೋಯಿತು. ಇಷ್ಟು ಬೇಗ ಅರ್ಧಕ್ಕಿಳಿದ ಮಾಲು ಬೇಡ ಅಂತ ಮಾವ ತಲೆಯಾಡಿಸಿದ. ಅಪ್ಪ ಅವನ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದ.

"ನಿಮ್ಮಾವ ಎತ್ತು ನೋಡಿದ. ಮೆಷೀನು ನೋಡಿದೋನು ನೀನು. ನೀನು ಹೂಂ ಹೂಂ ಅಂದಿದ್ದನ್ನ ನಾನು ಕೇಳಿಸ್ಕೊಂಡಿದೀನಿ. ಹೇಳು ಮಗ, ತಗೊಳ್ಳೋಣ್ವಾ?"

ಆಗ ಅವನ ಮುಖದಲ್ಲಿದ್ದ ಆಸೆಯನ್ನು ನಾನು ಮತ್ತೆಂದೂ ನೋಡಲಿಲ್ಲ. ಹೂಂ ಅನ್ನುವುದು ಬಹಳ ಸುಲಭವಿತ್ತು.

"ಅಪ್ಪ, ನಂಗೆ ಗೊತ್ತಿಲ್ಲ. ನಾನು ಎಂಜಿನಿಯರ್ ಅಲ್ಲ. ಸ್ಟೋರಲ್ಲಿ ನಟ್ಟು ಬೋಲ್ಟು ಎಣಿಸಿ ಕೊಡೋನು. ಬೆಳಗ್ಗೆಯಿಂದ ಸುಮ್ನೆ ಬಡೀತಾ ಇದ್ದೆ."

ಕಂಟ್ರಾಕ್ಟರು ಕೆಮ್ಮಿದ. ಮಾವ ಎದೆಗೆ ಕೈ ಇಟ್ಟುಕೊಂಡ. "ಥೂ ನಿನ್ನ! ಎಂಜಿನಿಯರ್ ಗಂಡು ಅಂತ ನಾಲ್ಕು ಮನೇಲಿ ಹೆಣ್ಣು ಕೇಳಿದೀನಲ್ಲೋ!"

ಅಪ್ಪ ಬೈಯಲಿಲ್ಲ. ನನ್ನನ್ನು ಸ್ವಲ್ಪ ಹೊತ್ತು ನೋಡಿದ, ಆಮೇಲೆ ಮೆಷೀನನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದ. ಸೊಂಟದ ಚೀಲ ಬಿಚ್ಚಿ ಮಾವನ ಕೈಗೆ ಕೊಟ್ಟ. "ಇದನ್ನ ನೀನು ಇಟ್ಕೊ. ನನ್ನ ಹತ್ರ ಇದ್ರೆ ವಾಪಸ್ ಬಂದು ತಗೊಂಡ್ಬಿಡ್ತೀನಿ."

ಗಾಡಿ ಕೆಂಗೇರಿ ದಾಟಿತು. ಮಾವ ಆ ನಾಲ್ಕು ಮನೆಗಳ ಹೆಸರು ಹೇಳಿ ಹೇಳಿ ನನ್ನನ್ನು ಬೈಯುತ್ತಲೇ ಇದ್ದ. ಅಪ್ಪ ಹಿಂದಕ್ಕೆ ತಿರುಗಿ, ಬಂದ ದಾರಿಯನ್ನೇ ನೋಡುತ್ತಿದ್ದ. ಸುಳ್ಳು ಹೇಳಿದ್ದಕ್ಕೆ ಕೋಪವೇ ಅಂತ ಕೇಳಿದೆ. ಅಲ್ಲ ಅಂದ. ಮತ್ತೆ ಆ ಮುದಿ ಮೆಷೀನಿನ ಮೇಲೆ ಯಾಕೆ ಅಷ್ಟು ಆಸೆ ಅಂತ ಕೇಳಿದೆ.

"ನಮ್ಮ ಹೊಲಾನ ಹೆಂಗೂ ಯಾರೋ ಬಂದು ಅಗೀತಾರೆ ಕಣೋ" ಅಂದ. "ಗುರುತಿಲ್ಲದೋನು ಬಂದ್ರೆ ಒರಟಾಗಿ ಅಗೀತಾನೆ. ನನ್ನ ಮೆಷೀನಾಗಿದ್ರೆ ಪಕ್ಕದಲ್ಲಿ ನಿಂತು, ನಿಧಾನಕ್ಕೆ ಅಗೆಯಪ್ಪ ಅಂತ ಹೇಳ್ಬೋದಿತ್ತು."

ಮಾವ ಬೈಯುವುದನ್ನು ನಿಲ್ಲಿಸಿದ. ನನಗೆ ಅಳು ಬಂತು, ಸ್ಪ್ಯಾನರು ಹಿಡಿದಿದ್ದ ಕೈಯಲ್ಲೇ ಮುಖ ಒರೆಸಿಕೊಂಡು ಕೂತೆ.