ಮಗಳು ಹಚ್ಚಿಕೊಂಡ ಅಡ್ಡಹೆಸರು

ಮಗಳು ಮನೆತನದ ಅಡ್ಡಹೆಸರು ಬದಲಾಯಿಸಿಕೊಂಡದ್ದು ನನಗೆ ಮೂರು ವಾರ ಮೊದಲೇ ಗೊತ್ತಿತ್ತು. ಗಂಡನಿಗೆ ಹೇಳುವ ಧೈರ್ಯ ಬಂದಿರಲಿಲ್ಲ. ಅವಳು ಸಂಯೋಜಿಸಿದ ಮೊದಲ ಬ್ಯಾಲೆ ನೃತ್ಯ ನೋಡಲು ಭಾನುವಾರ ಮಧ್ಯಾಹ್ನ ನಮ್ಮೂರು ವಾರೆನ್‌ನಿಂದ ಅವಳಿರುವ ಆನ್ ಆರ್ಬರಿಗೆ ಹೊರಟೆವು. ದಾರಿಯಲ್ಲಿ ಎರಡು ಸಲ ಬಾಯಿ ತೆರೆದೆ. ಎರಡು ಸಲವೂ "ಹೀಟರ್ ಸ್ವಲ್ಪ ಕಮ್ಮಿ ಮಾಡಿ" ಅಂದೆ.

ಸಭಾಂಗಣದಲ್ಲಿ ಕೂತೊಡನೆ ಇವರು ಕನ್ನಡಕ ಏರಿಸಿ ಕಾರ್ಯಕ್ರಮದ ಪುಸ್ತಿಕೆ ತಿರುವಿದರು. ಧಾರವಾಡದ ಮಾತು ಜೋರಾಗಿಯೇ ಬಂತು: "ಇಲ್ನೋಡು, ಹುಡುಗಿ ಹೆಸರಿನ ಮುಂದ ಯಾವುದೋ ಇಂಗ್ಲಿಷ್ ಅಡ್ಡಹೆಸರು ಹಚ್ಚ್ಯಾರ. ಪ್ರಿಂಟ್ ತಪ್ಪಾಗೇದ. ತಡಿ, ಹೇಳಿ ಬರ್ತೀನಿ."

ಎದ್ದೇಬಿಟ್ಟರು. ಕೋಟಿನ ತೋಳು ಹಿಡಿದೆಳೆದೆ. "ತಪ್ಪಾಗಿಲ್ಲ ರೀ. ಅವಳೇ ಹಾಕ್ಸಿದಾಳೆ. ಅವಳ ಟೀಚರ್ ಹೆಸರು ಅದು."

ಹನ್ನೊಂದನೇ ವಯಸ್ಸಿನಲ್ಲಿ ಮಗಳನ್ನು, ಈ ಪಾದಕ್ಕೆ ಬ್ಯಾಲೆ ಒಲಿಯುವುದಿಲ್ಲವೆಂದು ಒಂದು ಶಾಲೆ ವಾಪಸು ಕಳಿಸಿತ್ತು. ಆಮೇಲೆ ಆರು ವರ್ಷ ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಅವಳಿಗೆ ಕಲಿಸಿದವರು ಈ ಟೀಚರ್. ಅವರಿಗೆ ಮಕ್ಕಳಿರಲಿಲ್ಲ. ಹೋದ ಚಳಿಗಾಲದಲ್ಲಿ ತೀರಿಕೊಂಡರು.

ಇವರು ಕೂತರು. ದೀಪ ಆರಿತು. ವೇದಿಕೆಯ ಮೇಲೆ ಏನಾಯಿತೋ, ನಾನು ಪಕ್ಕದಲ್ಲಿ ಇವರ ಉಸಿರನ್ನೇ ಕೇಳುತ್ತಿದ್ದೆ.

ಮುಗಿದ ಮೇಲೆ ಲಾಬಿಗೆ ಓಡಿಬಂದ ಮಗಳು ಅಪ್ಪನ ಮುಖ ಕಂಡು ಅಲ್ಲೇ ನಿಂತಳು.

"ನಮ್ಮ ಹೆಸರು ಇಲ್ಲಿಯವರ ಬಾಯಾಗ ಹೊರಳೂದಿಲ್ಲಂತ ಬಿಟ್ಟಿಯೇನು?"

"ನೋ, ಅಪ್ಪ."

ಉಳಿದದ್ದನ್ನೂ ಇಂಗ್ಲಿಷಿನಲ್ಲೇ ಹೇಳಿದಳು. ತಮ್ಮ ಹೆಸರು ತಮ್ಮೊಂದಿಗೇ ಮುಗಿಯಿತು ಎಂದು ಟೀಚರ್ ಆಸ್ಪತ್ರೆಯಲ್ಲಿ ಒಮ್ಮೆ ಅಂದಿದ್ದರಂತೆ. ನಾನು ಇಟ್ಟುಕೊಳ್ಳಲೇ ಎಂದು ಇವಳೇ ಕೇಳಿದ್ದಳು.

"ನನ್ನನ್ನೂ ಒಂದು ಮಾತು ಕೇಳಬೇಕಿತ್ತು ನೀ," ಅಂದರು ಇವರು.

"ಯೂ ವುಡ್ ಹ್ಯಾವ್ ಸೆಡ್ ನೋ."

ಜನ ನಮ್ಮನ್ನು ಬಳಸಿಕೊಂಡು ಹೊರಗೆ ಹೋಗುತ್ತಿದ್ದರು. ಇವರು ಪುಸ್ತಿಕೆಯನ್ನು ಮಡಚಿ ಕೋಟಿನ ಜೇಬಿಗಿಟ್ಟರು.

"ಹೌದು. ಬ್ಯಾಡ ಅಂತಿದ್ದೆ."

ಮಗಳು ಅತ್ತಳು. ಇವರು ಕರವಸ್ತ್ರ ಕೊಟ್ಟರೇ ಹೊರತು ತಬ್ಬಿಕೊಳ್ಳಲಿಲ್ಲ. ನಾವಿಬ್ಬರೇ ಮನೆಗೆ ಮರಳಿದೆವು. ಇನ್ನು ಅಪ್ಪ ಮಗಳು ಮಾತು ಬಿಡುತ್ತಾರೆಂದೇ ನನಗನ್ನಿಸಿತ್ತು. ಹೆದ್ದಾರಿಯಲ್ಲಿ ನಮ್ಮ ಎಕ್ಸಿಟ್ ಬಂದಾಗ ಇವರು ಮೆಲ್ಲಗೆ ಅಂದರು: "ಆರು ವರ್ಷ ಹುಡುಗೀನ ಟೀಚರ್ ಮನಿಗೆ ಬಿಟ್ಟು ಬಂದೆ, ಕರಕೊಂಡು ಬಂದೆ. ಒಮ್ಮೆನೂ ಕಾರಿನಿಂದ ಇಳದು ಆ ಟೀಚರನ್ನ ಮಾತಾಡಸಲಿಲ್ಲ."

ಮರುದಿನ ಮಗಳಿಗೆ ತಾವೇ ಫೋನ್ ಮಾಡಿ, ಟೀಚರ್ ಸಮಾಧಿ ಎಲ್ಲಿದೆ ಎಂದು ಕೇಳಿದರು. ಶನಿವಾರ ಹಿಮ ತುಳಿದುಕೊಂಡು ಮೂವರೂ ಹೋಗಿಬಂದೆವು.