ಹೊಟ್ಟೆಯೊಳಗಿನ ಪೊರೆ

ಓಣಿಯವರಿಗೆ ಅವಳು ಚೀಲದಕ್ಕ. ಮೊದಲು ಶಾಲಾ ಸಮವಸ್ತ್ರ ಹೊಲಿಯುತ್ತಿದ್ದಳು. ಅತ್ತೆಯ ಮೂತ್ರಪಿಂಡಗಳು ಕೈಕೊಟ್ಟ ಮೇಲೆ ಹೊಲಿಗೆ ಮೂಲೆ ಸೇರಿತು, ಔಷಧಿನೀರಿನ ಚೀಲಗಳು ಮನೆ ತುಂಬಿದವು. ಆ ನೀರನ್ನು ಕೊಳವೆಯಿಂದ ಅತ್ತೆಯ ಹೊಟ್ಟೆಗೆ ತುಂಬಬೇಕು, ಕೆಲವು ಗಂಟೆ ಬಿಟ್ಟು ಇಳಿಸಬೇಕು, ಮತ್ತೆ ಹೊಸದು ತುಂಬಬೇಕು. ರಕ್ತ ತೊಳೆಯುವ ಯಂತ್ರವೇನೋ ಆಸ್ಪತ್ರೆಯಲ್ಲಿತ್ತು. ಆದರೆ ಮಾವ ಆ ಯಂತ್ರದ ಪಕ್ಕದಲ್ಲೇ ತೀರಿಕೊಂಡಿದ್ದರು. ಸತ್ತರೂ ಅದರ ಸೂಜಿಗೆ ಕೈ ಚಾಚುವುದಿಲ್ಲ ಎಂದು ಅತ್ತೆ ಪಟ್ಟು ಹಿಡಿದಿದ್ದರು.

ಮನೆಯಲ್ಲಿ ಯಾರು ಕಲಿಯುತ್ತೀರಿ ಎಂದು ನರ್ಸ್ ಕೇಳಿದಾಗ ಗಂಡ ಮೈದುನನನ್ನು ನೋಡಿದ, ಮೈದುನ ನಾದಿನಿಯನ್ನು ನೋಡಿದ, ನಾದಿನಿ ಇವಳನ್ನು ನೋಡಿದಳು. ಇವಳ ಆಚೆ ಗೋಡೆಯಿತ್ತು.

ನರ್ಸ್ ಬಿಡಿಸಿ ಹೇಳಿದಳು. ಹೊಟ್ಟೆಯೊಳಗೆ ಜೀವಕೋಶಗಳ ತೆಳು ಪೊರೆಯೊಂದಿದೆ; ಈಚೆ ರಕ್ತ, ಆಚೆ ಔಷಧಿನೀರು. ರಕ್ತದಲ್ಲಿ ಕಿಕ್ಕಿರಿದ ಕೊಳೆ, ಕೊಳೆಯಿಲ್ಲದ ನೀರಿನತ್ತ ತಾನಾಗಿ ಸರಿಯುತ್ತದೆ. ಮೈಯಲ್ಲಿ ಮಿಕ್ಕ ನೀರನ್ನು ಎಳೆಯಲೆಂದೇ ಚೀಲದಲ್ಲಿ ಸಕ್ಕರೆ ಇದೆ. ಹೆಚ್ಚಿದ ಸೌತೆಕಾಯಿಗೆ ಉಪ್ಪು ಹಾಕಿಟ್ಟರೆ ನೀರು ಬಿಡುವ ಹಾಗೆ ಎಂದು ಇವಳಿಗೆ ತಟ್ಟನೆ ಹೊಳೆಯಿತು. ಸಕ್ಕರೆ ಹೆಚ್ಚಿರುವ ಚೀಲಗಳೂ ಇದ್ದವು; ಮೈ ತೀರ ಊದಿದಾಗ ಮಾತ್ರ ಎಂದು ನರ್ಸ್ ಎಚ್ಚರಿಸಿದ್ದಳು. ಮನೆಯವರು ಅದಕ್ಕೆ ಗಟ್ಟಿ ಚೀಲ ಎಂದರು.

ಬಾಗಿಲು ಹಾಕು, ಫ್ಯಾನ್ ನಿಲ್ಲಿಸು, ಕೈ ತೊಳೆ, ಮಾಸ್ಕ್ ಕಟ್ಟು, ಚೀಲ ಬೆಚ್ಚಗೆ ಮಾಡು. ಆ ಹೊತ್ತಿಗೆ ಸರಿಯಾಗಿ ಅಡುಗೆಮನೆಯಲ್ಲಿ ಹಾಲು ಉಕ್ಕುತ್ತಿತ್ತು. ಒಲೆಯ ಪಕ್ಕದಲ್ಲೇ ಕೂತವರು ಹಾಲು ಉಕ್ಕಿತೆಂದು ಇವಳನ್ನೇ ಕೂಗುತ್ತಿದ್ದರು.

ಅತ್ತೆ ಅಳತೆ ಮಾಡಿ ಕುಡಿಯಬೇಕಿತ್ತು. ರಜೆಗೆ ಬಂದ ನಾದಿನಿಗೆ ಅಮ್ಮನ ಒಣ ನಾಲಿಗೆ ನೋಡಲಾಗದು. "ಒಂದು ಲೋಟ ಜ್ಯೂಸಿಗೆ ಯಾರಾದ್ರೂ ಸಾಯ್ತಾರಾ? ಅತ್ತಿಗೆ ಇದ್ದಾರಲ್ಲ, ಗಟ್ಟಿ ಚೀಲ ಹಾಕ್ತಾರೆ ಬಿಡಮ್ಮ" ಎನ್ನುತ್ತಿದ್ದಳು. ಹಾಕಿದರೆ ಕಾಲಿನ ಊತ ಇಳಿದೂ ಬಿಡುತ್ತಿತ್ತು. ಆಮೇಲೆ ನೆಂಟರು ಬಂದರೂ ಗಟ್ಟಿ ಚೀಲ, ಸೆಕೆಯಾಗಿ ಎರಡು ಲೋಟ ಹೆಚ್ಚು ಕುಡಿದರೂ ಗಟ್ಟಿ ಚೀಲ. ಅದು ಮನೆಯ ಇನ್ನೊಬ್ಬ ಸೊಸೆಯಾಯಿತು: ಎಷ್ಟು ಹೇರಿದರೂ ಎಳೆಯಬೇಕು. ಇದು ಸರಿಯಲ್ಲ ಎಂದು ಇವಳು ಗಂಡನಿಗೆ ಹೇಳಿ ನೋಡಿದಳು. ಹೆತ್ತಮ್ಮನ ಬಾಯಿ ಕಟ್ಟಲು ತಾನು ಯಾರು ಎಂದು ಅವನು ಪೇಪರ್ ಮಡಚಿ ಎದ್ದುಹೋದ.

ಹೀಗೇ ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಗಟ್ಟಿ ಚೀಲ ಹಾಕಿದರೂ ತುಂಬಿದ್ದಕ್ಕಿಂತ ಕಡಿಮೆ ನೀರು ಇಳಿಯಿತು. ಕೊಳವೆ ಮಡಚಿರಬೇಕೆಂದು ನೋಡಿದಳು. ಅತ್ತೆಯನ್ನು ಮಗ್ಗುಲು ಬದಲಿಸಿ ಮಲಗಿಸಿದಳು. ಮರುದಿನವೂ ಅದೇ.

ಡಾಕ್ಟರು ಪರೀಕ್ಷಿಸಿ, ವರ್ಷಗಟ್ಟಲೆ ಸಕ್ಕರೆ ತಾಗಿ ಪೊರೆ ಕೆಟ್ಟಿದೆ ಎಂದರು. ಈಗ ಅದು ಸಕ್ಕರೆಯನ್ನು ತಡೆಯದೆ ಬೇಗನೆ ರಕ್ತಕ್ಕೆ ಬಿಡುತ್ತದೆ. ಸಕ್ಕರೆಯೇ ಹೊಟ್ಟೆಯಲ್ಲಿ ನಿಲ್ಲದಿದ್ದರೆ ನೀರನ್ನು ಎಳೆಯುವವರು ಯಾರು? ಮುಂದಿನ ವಾರದಿಂದ ಯಂತ್ರವೇ ಗತಿ, ಅಲ್ಲಿಯವರೆಗೆ ಚೀಲ ಹಾಕುತ್ತಿರಿ, ಬಂದಷ್ಟು ಬರಲಿ ಎಂದರು.

ನಾದಿನಿ ಇವಳತ್ತ ತಿರುಗಿದಳು. "ಕೈಗೆ ಸಿಕ್ಕಿದ್ದೆಲ್ಲ ಹಾಕ್ತಿದ್ರಾ ಅತ್ತಿಗೆ?"

ಗಂಡ ಕಿಟಕಿಯಾಚೆ ನೋಡುತ್ತಿದ್ದ.

ಮನೆಗೆ ಬಂದ ಮೇಲೆ ಅತ್ತೆ ದಿಂಬಿಗೊರಗಿ ಏದುಸಿರು ಬಿಡುತ್ತ ಕೂತರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಯಂತ್ರದ ಮಾತೆತ್ತಿ, ಬೈಸಿಕೊಂಡು, ಸೊಸೆಯೇ ಹೇಳಿದರೆ ಅಮ್ಮ ಕೇಳಬಹುದು ಎಂದು ಹಜಾರಕ್ಕೆ ಹೋಗಿ ಕೂತರು.

"ಗಟ್ಟಿ ಚೀಲ ಹಾಕು" ಎಂದರು ಅತ್ತೆ.

"ಅದು ಇನ್ನು ಎಳೆಯಲ್ಲ ಅತ್ತೆ. ಆಸ್ಪತ್ರೆಗೆ ಹೋಗೋಣ. ನಾನು ಪಕ್ಕದಲ್ಲೇ ಇರ್ತೀನಿ."

"ಮಾವನ ಪಕ್ಕದಲ್ಲಿ ನಾನೂ ಇದ್ದೆ ಕಣೇ." ಅತ್ತೆ ಉಸಿರೆಳೆದುಕೊಂಡರು. "ನೀನು ಹಾಕಿದ್ರೆ ಎಳೆಯತ್ತೆ. ಹಾಕು."

ಬಾಗಿಲು ಹಾಕಿ, ಕೈ ತೊಳೆದು, ಚೀಲವನ್ನು ಕೊಕ್ಕೆಗೆ ತೂಗುಹಾಕಿದಳು. ಸಕ್ಕರೆ ಯಾವ ಕಡೆ ಹೋಗುತ್ತದೆ, ನೀರು ಎಲ್ಲಿ ಉಳಿಯುತ್ತದೆ, ಎಲ್ಲ ಅವಳಿಗೆ ಗೊತ್ತಿತ್ತು. ನೀರು ಹೊಟ್ಟೆಗೆ ಇಳಿಯತೊಡಗಿದಂತೆ ಅತ್ತೆ ಕಣ್ಣು ಮುಚ್ಚಿದರು.

"ಕಾಲು ಹಗುರ ಆಗ್ತಿದೆ, ಅಲ್ವೇನೇ?"

ಅವಳು ಊದಿದ ಪಾದವನ್ನು ಬೆರಳಿನಿಂದ ಒತ್ತಿದಳು. ಬಿದ್ದ ಗುಳಿ ಹಾಗೇ ಉಳಿಯಿತು.

"ಹೂಂ ಅತ್ತೆ" ಎಂದು ಅದರ ಮೇಲೆ ಹೊದಿಕೆ ಎಳೆದಳು.