ಐವತ್ತಮೂರಕ್ಕೆ ಅಮ್ಮ ಹಾಕಿದ ಲೆನ್ಸು

ಕಳೆದ ವಾರ ಗುರುಗ್ರಾಮದ ನಮ್ಮ ಆಫೀಸಿನ ವಾಶ್‌ರೂಮಿನಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳ ಕಾಂಟ್ಯಾಕ್ಟ್ ಲೆನ್ಸ್ ಬೇಸಿನ್ನಿಗೆ ಬಿತ್ತು. ಅವಳು ಅದನ್ನು ಬೆರಳ ತುದಿಯಲ್ಲಿ ಎತ್ತಿಕೊಂಡು ನಲ್ಲಿಯ ಕೆಳಗೆ ಹಿಡಿಯಹೊರಟಳು. "ಬೇಡ! ನೀರು ಬೇಡ!" ಎಂದು ನಾನು ಕಿರುಚಿದ ರಭಸಕ್ಕೆ, ಪಕ್ಕದಲ್ಲಿ ಲಿಪ್‌ಸ್ಟಿಕ್ ಹಚ್ಚಿಕೊಳ್ಳುತ್ತಿದ್ದವರ ಬಣ್ಣ ಕೆನ್ನೆಗೆ ಹೋಯಿತು. ಕಿರುಚಿದ್ದು ಕನ್ನಡದಲ್ಲಿ, ಹುಡುಗಿ ಕಾನ್ಪುರದವಳು. ಆದರೂ ಅರ್ಥವಾಯಿತು. ಸಾಮಾನ್ಯವಾಗಿ ಆಟೋದವನ ಜೊತೆಗೂ ದನಿಯೇರಿಸದ ನನಗೆ ಆ ಗಂಟಲು ಎಲ್ಲಿಂದ ಬಂತು ಎಂದು ಕೇಳಿದರೆ, ನಿಮಗೆ ನನ್ನ ಅಮ್ಮನ ವಿಷಯ ಹೇಳಬೇಕಾಗುತ್ತದೆ.

ಅಮ್ಮ ಸಚಿವಾಲಯವೊಂದರಲ್ಲಿ ಸ್ಟೆನೋ ಆಗಿ ಮೈಸೂರಿನಿಂದ ದೆಹಲಿಗೆ ಬಂದವಳು. ಮನೆ ಫರೀದಾಬಾದಿನಲ್ಲಿ. ಅವಳ ಕನ್ನಡಕದ ಪವರ್ ಮೈನಸ್ ಹನ್ನೊಂದು. ಶಾಲೆಯಲ್ಲಿ 'ಸೋಡಾಬುಡ್ಡಿ' ಎನ್ನುತ್ತಿದ್ದರಂತೆ, ಇಲ್ಲಿ ಬಂದ ಮೇಲೆ 'ಚಶ್ಮಿಶ್' ಎಂದರು. ಅದನ್ನೆಲ್ಲ ಅವಳು ನಕ್ಕು ಬಿಟ್ಟಿದ್ದಳು. ಬಿಡಲಾಗದೆ ಉಳಿದದ್ದು ಬ್ಯಾಡ್ಮಿಂಟನ್. ಕಚೇರಿಯ ತಂಡದಲ್ಲಿ ಆಡುವಾಗ ಬೆವರಿಗೆ ಕನ್ನಡಕ ಜಾರುತ್ತಿತ್ತು. ಚಳಿಗಾಲದಲ್ಲಿ ಮಂಜು ಹಿಡಿಯುತ್ತಿತ್ತು. ಕನ್ನಡಕಕ್ಕೆ ಲಾಡಿ ಕಟ್ಟಿಕೊಂಡು ಆಡಿದಳು. ಕೊನೆಗೆ ಐವತ್ತಮೂರನೆಯ ವಯಸ್ಸಿನಲ್ಲಿ, ಒಂದು ಭಾನುವಾರ ತಿಂಡಿಯ ಹೊತ್ತಿಗೆ, ಲೆನ್ಸ್ ಹಾಕಿಸಿಕೊಳ್ಳುವುದಾಗಿ ಘೋಷಿಸಿದಳು.

"ಈ ವಯಸ್ಸಲ್ಲಿ ಯಾರಿಗೆ ತೋರಿಸಬೇಕಾಗಿದೆ?" ಎಂದರು ಅಪ್ಪ.

"ತೋರಿಸೋಕಲ್ಲ, ನೋಡೋಕೆ" ಎಂದಳು ಅಮ್ಮ.

ನಾನು ಆಗಲೇ ನಾಲ್ಕು ವರ್ಷದಿಂದ ಲೆನ್ಸ್ ಹಾಕುತ್ತಿದ್ದೆನಾದ್ದರಿಂದ ಗುರುವಿನ ಸ್ಥಾನ ತಾನಾಗಿಯೇ ಒದಗಿತು. ಎಂಥ ಗುರು! ಮೆಟ್ರೋದಲ್ಲಿ ನಿಂತೇ ಲೆನ್ಸ್ ಹಾಕಿದವಳು, ಹಾಕಿಕೊಂಡೇ ಮಲಗಿದವಳು, ತಿಂಗಳ ಲೆನ್ಸನ್ನು ಮೂರು ತಿಂಗಳು ಎಳೆದವಳು. ಅಮ್ಮ ಮೊದಲ ದಿನವೇ ಡಾಕ್ಟರು ಹೇಳಿದ್ದನ್ನೆಲ್ಲ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು ಬಂದಿದ್ದಳು. ಸೋಪು ಹಚ್ಚಿ ಕೈ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿಕೊಳ್ಳದೆ ಲೆನ್ಸಿನ ಡಬ್ಬಿ ಮುಟ್ಟುತ್ತಿರಲಿಲ್ಲ. ಲೆನ್ಸ್ ನೆನೆಸಿಡುವ ಹಳೆಯ ದ್ರಾವಣವನ್ನು ಪ್ರತಿ ದಿನ ಚೆಲ್ಲಿ ಹೊಸದು ತುಂಬುತ್ತಿದ್ದಳು. "ಸ್ವಲ್ಪ ಟಾಪ್ ಅಪ್ ಮಾಡಿದ್ರೆ ಸಾಕಮ್ಮ, ಇದೇನು ಮಡಿ?" ಎಂದು ನಾನು ನಗುತ್ತಿದ್ದೆ. ಹತ್ತಿರದ ಅಕ್ಷರ ಓದಲು ಅವಳಿಗೆ ಲೆನ್ಸಿನ ಮೇಲೆ ಚಾಳೀಸು ಬೇಕೇ ಬೇಕಾಯಿತು. ಅಪ್ಪನಿಗೆ ಅದು ಹಬ್ಬ. ಅಮ್ಮ ಲೆಕ್ಕಿಸಲಿಲ್ಲ. "ಶಟಲ್ ಓದೋಕೆ ಚಾಳೀಸು ಬೇಕಿಲ್ಲ" ಎಂದಳು.

ಆ ಚಳಿಗಾಲದಲ್ಲಿ ನನ್ನ ಗೆಳತಿಯ ಮದುವೆಗೆಂದು ಜೈಪುರಕ್ಕೆ ಹೋದೆ. ದ್ರಾವಣದ ಬಾಟಲಿ ಮನೆಯಲ್ಲೇ ಉಳಿಯಿತು. ಹೋಟೆಲಿನ ನಲ್ಲಿ ನೀರಿನಲ್ಲಿ ಲೆನ್ಸ್ ತೊಳೆದು, ಅದೇ ನೀರಿನಲ್ಲಿ ನೆನೆಸಿಟ್ಟು, ಮೂರು ದಿನ ಹಾಕಿಕೊಂಡು ಕುಣಿದೆ. ಮರಳಿದಾಗ ಬಲಗಣ್ಣು ಕೆಂಪಾಗಿತ್ತು. ಮೆಡಿಕಲ್ ಅಂಗಡಿಯ ಭಯ್ಯಾ "ಧೂಳು, ದೀದಿ. ಎರಡು ದಿನದಲ್ಲಿ ಠೀಕ್" ಎಂದು ಯಾವುದೋ ಹನಿ ಕೊಟ್ಟ. ಹಾಕಿದೆ. ಮೂರನೆಯ ಬೆಳಿಗ್ಗೆ ಕಿಟಕಿಯ ಬೆಳಕು ಸೂಜಿಯಂತೆ ಚುಚ್ಚಿತು. ಆ ಕಣ್ಣಿಗೆ ಅಮ್ಮನ ಮುಖ ಹಾಲು ಬೆರೆತ ನೀರಿನೊಳಗಿದ್ದಂತೆ ಕಂಡಿತು.

ಅಮ್ಮ ಬೈಯಲಿಲ್ಲ. "ಲೆನ್ಸೂ ಡಬ್ಬೀನೂ ತಗೋ, ಬಿಸಾಡಬೇಡ, ಡಾಕ್ಟರು ಕೇಳ್ತಾರೆ" ಎಂದಷ್ಟೇ ಹೇಳಿ ಕಣ್ಣಾಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಕೇಳಿಯೇ ಕೇಳಿದರು. ಕರಿಗುಡ್ಡೆಯ ಮೇಲೆ ಹುಣ್ಣಾಗಿತ್ತು. "ಇನ್ನೆರಡು ದಿನ ತಡ ಮಾಡಿದ್ದರೆ ಈ ಕಣ್ಣಿನ ಬಗ್ಗೆ ನಾನು ಮಾತು ಕೊಡುತ್ತಿರಲಿಲ್ಲ" ಎಂದರು. ಗಂಟೆಗೊಮ್ಮೆ ಹನಿ ಹಾಕಬೇಕಿತ್ತು. ಅಮ್ಮ ರಜೆ ಹಾಕಿ ನನ್ನ ಪಕ್ಕದಲ್ಲಿ ಕೂತಳು. ಪರದೆ ಎಳೆದ ಕೋಣೆಯಲ್ಲಿ ಅವಳು ರೆಪ್ಪೆ ಬಿಡಿಸಿದಾಗಲೆಲ್ಲ ನಾನು ಇಪ್ಪತ್ತಾರು ವರ್ಷದ ಕತ್ತೆ ಅಳುತ್ತಿದ್ದೆ. ನೋವಿಗಿಂತ ಹೆಚ್ಚಾಗಿ ನಾಚಿಕೆಗೆ.

ಕಣ್ಣು ಉಳಿಯಿತು. ಕರಿಗುಡ್ಡೆಯ ಅಂಚಿನಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ ಕಲೆಯೂ ಉಳಿಯಿತು.

ಕಂಟಕ ಕಳೆದ ಬೆಳಿಗ್ಗೆ ಅಪ್ಪ ಅಮ್ಮನ ಲೆನ್ಸಿನ ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆದರು. ಹೆದರಿದ್ದರು ಪಾಪ, ಹೆದರಿಕೆಗೆ ಸಿಟ್ಟಿನ ವೇಷ ಹಾಕಿದ್ದರು. "ಮಗಳ ಕಣ್ಣು ಹೋಗ್ತಿತ್ತು. ಇನ್ನು ಈ ಮನೇಲಿ ಯಾರೂ ಹಾಕಕೂಡದು!"

ಅಮ್ಮ ಬುಟ್ಟಿಯತ್ತ ನೋಡಲೂ ಇಲ್ಲ. ಕಪಾಟಿನಿಂದ ಹೊಸ ಡಬ್ಬಿ, ಹೊಸ ಜೋಡಿ ತೆಗೆದಳು. ಕೈ ತೊಳೆದಳು, ಒರೆಸಿಕೊಂಡಳು, ಕನ್ನಡಿಯ ಮುಂದೆ ನಿಂತು ಒಂದೊಂದಾಗಿ ಹಾಕಿಕೊಂಡಳು. ಆಮೇಲೆ ಅಪ್ಪನತ್ತ ತಿರುಗಿದಳು.

"ಹಾಲು ಉಕ್ಕಿತು ಅಂತ ಒಲೆ ಕಿತ್ತು ಬಿಸಾಡ್ತಾರಾ? ತಪ್ಪು ಮಾಡಿದ್ದು ಅವಳ ಕೈ. ಆ ಕೈಗೆ ಬುದ್ಧಿ ಬಂದಿದೆ. ನನ್ನ ಕಣ್ಣಿಗೆ ಯಾಕೆ ಶಿಕ್ಷೆ?"

ಅಪ್ಪ ಪೇಪರ್ ಎತ್ತಿಕೊಂಡರು, ತಲೆಕೆಳಗಾಗಿ. ಆ ಫೆಬ್ರವರಿಯಲ್ಲಿ ಅಮ್ಮ ಸಚಿವಾಲಯಗಳ ನಡುವಣ ಪಂದ್ಯದಲ್ಲಿ ಆಡಿದಳು. ಸೆಮಿಫೈನಲ್‌ನಲ್ಲಿ, ತನಗಿಂತ ಇಪ್ಪತ್ತು ವರ್ಷ ಚಿಕ್ಕವಳೆದುರು ಸೋತಳು. ಸೋತು ಬಂದವಳ ಮುಖದಲ್ಲಿ ಬೆವರಿತ್ತು, ಮೂಗಿನ ಮೇಲೆ ಏನೂ ಇರಲಿಲ್ಲ. "ಕೊನೇ ಪಾಯಿಂಟು ಲೈನಿನ ಒಳಗೇ ಬಿತ್ತು ಕಣೇ, ಸ್ಪಷ್ಟವಾಗಿ ಕಾಣಿಸ್ತು" ಎಂದಳು, ಗೆದ್ದವಳ ಹಾಗೆ.

ಅಲ್ಲಿಯವರೆಗೆ ಕೇಳಿದವರಿಗೆಲ್ಲ 'ಲೆನ್ಸಿನಿಂದ ಹೀಗಾಯ್ತು' ಎನ್ನುತ್ತಿದ್ದೆ. ಅಂದಿನಿಂದ 'ನನ್ನಿಂದ ಹೀಗಾಯ್ತು' ಎನ್ನುತ್ತೇನೆ. ಡಾಕ್ಟರು ಒಪ್ಪಿದ ಮೇಲೆ ನಾನೂ ಮತ್ತೆ ಹಾಕತೊಡಗಿದೆ, ಅಮ್ಮನ ಮಡಿಯಲ್ಲೇ.

ಈಗ ಅಮ್ಮ ನಿವೃತ್ತಳು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಕಣ್ಣಿನ ಅಳತೆ ತೆಗೆಯಬೇಕೆಂದು ಡಾಕ್ಟರು ಕೆಲವು ವಾರ ಲೆನ್ಸ್ ಬಿಡಲು ಹೇಳಿದ್ದಾರೆ. ನಿನ್ನೆ ಸಂಜೆ ಅವಳ ಮೂಗಿನ ಮೇಲೆ ಕನ್ನಡಕ ಕಂಡು ಅಪ್ಪ, "ಅಂತೂ ಬಿಟ್ಟೆಯಲ್ಲ!" ಎಂದು ನಕ್ಕರು. ಅಮ್ಮ ಚಹಾದ ಲೋಟ ಕೆಳಗಿಟ್ಟಳು.

"ಆಪರೇಷನ್ ಮಾಡಿ ಕಣ್ಣೊಳಗೇ ಲೆನ್ಸ್ ಇಡ್ತಾರಂತೆ. ಇನ್ನು ಅದನ್ನ ಹೇಗೆ ಬಿಸಾಡ್ತೀರೋ ನೋಡ್ತೀನಿ."